ಗೆರೆಯ ಈಚೆ ನಿಂತ ಶುಕ್ರವಾರ

ಆಗ ಅಬುಧಾಬಿಯಲ್ಲಿ ವಾರದ ರಜೆ ಶುಕ್ರವಾರದಿಂದ ಶುರುವಾಗುತ್ತಿತ್ತು. ನಿಮ್ಮಲ್ಲಿ ಯಾರಾದರೂ ಆ ಕಾಲದಲ್ಲಿ ಗಲ್ಫಿನಲ್ಲಿ ಬೆಳೆದಿದ್ದರೆ ಆ ಬೆಳಗು ನೆನಪಿರುತ್ತದೆ. ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಹಾರ್ನಿನ ಸದ್ದಿಲ್ಲ, ಅಂಗಡಿಗಳ ಶಟರ್ ಇನ್ನೂ ಎದ್ದಿಲ್ಲ, ಅಡುಗೆಮನೆಯಲ್ಲಿ ಅವ್ವ ಚುರುಮರಿ ಸುಸಲಾಕ್ಕೆ ಹಾಕಿದ ಒಗ್ಗರಣೆಯ ವಾಸನೆ. ಬಿಲ್ಡಿಂಗಿನ ಉಳಿದ ಮಕ್ಕಳು ಕಾರ್ಟೂನ್ ಮುಂದೆ ಕೂತಿರುವಾಗ ನಾನು ಹೆಲ್ಮೆಟ್ ಹಾಕಿಕೊಂಡು, ಒಂದು ಕೋಲು ಹಿಡಿದು ಲಿಫ್ಟಿನ ಮುಂದೆ ನಿಂತಿರುತ್ತಿದ್ದೆ. ಎದುರು ಫ್ಲ್ಯಾಟಿನ ಡೆಕ್ಲನ್ ಅಂಕಲ್ ಬಂದು ಕಾರಿನಲ್ಲಿ ಮೈದಾನಕ್ಕೆ ಕರೆದೊಯ್ಯಬೇಕು.

ಅವರು ಐರ್ಲೆಂಡಿನವರು, ಯಾವುದೋ ಶಾಲೆಯಲ್ಲಿ ಮೇಷ್ಟ್ರು. ಮೊದಲ ಸಲ ಲಿಫ್ಟಿನಲ್ಲಿ ಅವರ ಕೈಯಲ್ಲಿ ಆ ಕೋಲು ನೋಡಿದಾಗ ಅಪ್ಪ ಕುತೂಹಲ ತಡೆಯಲಾರದೆ ಏನಿದು ಎಂದು ಕೇಳಿಯೇಬಿಟ್ಟರು. ಹರ್ಲಿಂಗ್ ಎಂದರು ಅಂಕಲ್. ಎರಡು ಕಡೆ ಗೋಲು ಕಂಬ, ನಡುವೆ ಗಟ್ಟಿ ಚರ್ಮದ ಸಣ್ಣ ಚೆಂಡು. ಅದನ್ನು ಕೋಲಿನ ಚಪ್ಪಟೆ ತುದಿಯಿಂದ ಎತ್ತಿ, ಗಾಳಿಯಲ್ಲೇ ಬಾರಿಸಿ ಓಡಬೇಕು. ಲಿಫ್ಟ್ ನಮ್ಮ ಮಹಡಿಗೆ ಬಂದಮೇಲೂ ಇಬ್ಬರೂ ಬಾಗಿಲು ತಡೆದು ಮಾತಾಡುತ್ತಲೇ ಇದ್ದರು.

"ನಮ್ಮ ಚಿಣಿಪಣಿ ಇದ್ದಂಗ ಐತಿ ನೋಡು. ಆದ್ರ ಇವ್ರು ಹುಚ್ಚು ಹಿಡಿದವರಂಗ ಆಡ್ತಾರ," ಎಂದು ಅಪ್ಪ ಮನೆಗೆ ಬಂದು ಅವ್ವನಿಗೆ ಹೇಳಿದರು. ಚಿಣಿಪಣಿಯೆಂದರೆ ನಮ್ಮ ಕಡೆಯ ಚಿನ್ನಿದಾಂಡು. ಮುಂದಿನ ವಾರದಿಂದ ನನ್ನನ್ನು ಆಡಲು ಕಳಿಸಿದವರೂ ಅವರೇ.

ಆ ಮೈದಾನಕ್ಕೆ ಒಂದು ವಾಸನೆ ಇತ್ತು. ರಾತ್ರಿಯಿಡೀ ನೀರು ಕುಡಿದ ಹುಲ್ಲು, ಸನ್‌ಸ್ಕ್ರೀನ್, ಯಾರೋ ಸುಲಿದ ಕಿತ್ತಳೆ. ಆಟ ಮುಗಿದ ಮೇಲೆ ತಂಡದ ಐರಿಶ್ ಮಕ್ಕಳ ಸ್ಯಾಂಡ್‌ವಿಚ್ ನಾನು, ನನ್ನ ಶೇಂಗಾ ಉಂಡಿ ಅವರು ತಿನ್ನುತ್ತಿದ್ದೆವು. ಕಾನರ್ ಎಂಬ ನನ್ನ ವಯಸ್ಸಿನ ಹುಡುಗ ಉಂಡಿಗಾಗಿಯೇ ನನ್ನ ಪಕ್ಕ ಕೂರುತ್ತಿದ್ದ. ಅವನ ಹೊಡೆತ ನೋಡಿದರೆ ಕೋಲೇ ತುಂಡಾದೀತು ಅನ್ನಿಸುತ್ತಿತ್ತು. ನನ್ನ ಜಾಗ ಹಿಂದೆ, ಗೋಲಿನ ಮುಂದೆ. ಅಡ್ಡ ನಿಲ್ಲುವುದರಲ್ಲಿ ನಾನು ಗಟ್ಟಿಗಿತ್ತಿ.

ಆ ಸೆಪ್ಟೆಂಬರಿನಲ್ಲಿ ಅಂಕಲ್ ಅವರ ಊರು ವಾಟರ್‌ಫರ್ಡ್ ಐರ್ಲೆಂಡಿನ ಹರ್ಲಿಂಗ್ ಫೈನಲ್ ತಲುಪಿತ್ತು. ಅಂದು ಭಾನುವಾರ, ನಮಗೆ ಶಾಲೆಯ ದಿನ. ಸಂಜೆ ಮಗ್ರಿಬ್ ಆಜಾನಿನ ಹೊತ್ತಿಗೆ ಅವರ ಟೀವಿಯ ಮುಂದೆ ನಾವೆಲ್ಲ ಕೂತೆವು. ವಾಟರ್‌ಫರ್ಡ್ ಹೀನಾಯವಾಗಿ ಸೋತಿತು. ಅಂಕಲ್ ಎದ್ದು ಹೋಗಿ ಯಾರೂ ಕುಡಿಯದ ಕಪ್ಪುಗಳನ್ನು ತೊಳೆಯುತ್ತಾ ನಿಂತರು.

ಬೇರೆ ತಂಡ ಹಿಡಿಯಬಾರದೇ ಎಂದು ಅಪ್ಪ ಕೇಳಿದರು. ಆಗುವುದಿಲ್ಲ ಎಂದರು ಅಂಕಲ್. ಈ ಆಟದಲ್ಲಿ ಯಾರನ್ನೂ ಕೊಳ್ಳುವುದಿಲ್ಲ, ಯಾರಿಗೂ ಸಂಬಳವಿಲ್ಲ. ಟೀವಿಯಲ್ಲಿ ಕಂಡ ಹುಡುಗರೆಲ್ಲ ಮತ್ತೆ ತಮ್ಮ ತಮ್ಮ ಕೆಲಸಕ್ಕೆ ಹೋಗಬೇಕಾದವರು. ಹುಟ್ಟಿ ಬೆಳೆದ ಊರಿಗೆ ಆಡುವುದು, ಅದಕ್ಕೇ ಕೂಗುವುದು, ಸೋತರೂ ಅದೇ.

"ನಿಮ್ಮ ಊರು ಯಾವುದು?" ಎಂದು ಅಂಕಲ್ ಅಪ್ಪನನ್ನು ಕೇಳಿದರು.

ಅಪ್ಪ ಬಾಗಲಕೋಟೆ ಎಂದರು. ಆದರೆ ತಾವು ಆಡಿ ಬೆಳೆದ ಓಣಿ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದೆ, ಮನೆಯವರೆಲ್ಲ ನವನಗರಕ್ಕೆ ಬಂದಿದ್ದಾರೆ ಎಂದರು. ಅದನ್ನು ಅವರು ಯಾರೆದುರೂ ಹೇಳಿದ್ದು ನಾನು ಕೇಳಿರಲಿಲ್ಲ. ಆಮೇಲೆ ಅಂಕಲ್ ನನ್ನ ಕಡೆ ತಿರುಗಿ, ಹುಟ್ಟಿದ್ದೆಲ್ಲಿ ಎಂದರು.

"ಇಲ್ಲೇ," ಎಂದೆ.

"ಹಾಗಾದರೆ ನೀನು ಅಬುಧಾಬಿಯವಳು, ಅದರಲ್ಲಿ ಮಾತೇ ಇಲ್ಲ," ಎಂದರು.

ನಗಬೇಡಿ. ಹತ್ತು ವರ್ಷದ ನನಗೆ ಅಲ್ಲಿಯವರೆಗೆ ಯಾರೂ ಹಾಗೆ ಹೇಳಿರಲಿಲ್ಲ. ಊರಿಗೆ ಹೋದರೆ ದುಬೈ ಹುಡುಗಿ ಎನ್ನುತ್ತಿದ್ದರು, ಇಲ್ಲಿ ಇಂಡಿಯನ್ ಎನ್ನುತ್ತಿದ್ದರು. ಅಬುಧಾಬಿಯವಳು ಎಂದು ಒಬ್ಬ ದೊಡ್ಡ ಮನುಷ್ಯ, ಅದೂ ಮೇಷ್ಟ್ರು, ಹೇಳಿದ್ದನ್ನು ನಾನು ಹಾಸಿಗೆಯಲ್ಲಿ ಮಲಗಿ ಬಾಯಲ್ಲಿಟ್ಟ ಪೆಪ್ಪರ್‌ಮಿಂಟಿನಂತೆ ಚೀಪಿದೆ. ಚಳಿಗಾಲ ಮುಗಿಯುವುದರೊಳಗೆ ದುಬೈ ಮಕ್ಕಳ ಜೊತೆ ಪಂದ್ಯವಿತ್ತು. ಅಬುಧಾಬಿಗೆ ಆಡಬೇಕು ಎನ್ನುವುದೊಂದೇ ಆಮೇಲೆ ನನ್ನ ಧ್ಯಾನ.

ಜಗತ್ತಿನೆಲ್ಲೆಡೆ ಬ್ಯಾಂಕುಗಳು ಮುಗ್ಗರಿಸಿದ ಆ ಚಳಿಗಾಲವೇ ಕಟ್ಟಡಗಳ ಕೆಲಸ ಒಂದೊಂದಾಗಿ ನಿಂತದ್ದು. ಅಪ್ಪ ಸೈಟ್ ಎಂಜಿನಿಯರ್. ಅವರ ಪ್ರಾಜೆಕ್ಟಿನ ಕ್ರೇನುಗಳು ಮೇಲೆತ್ತಿದ ಕೈ ಇಳಿಸದೆ ಹಾಗೇ ನಿಂತವು. ನಮ್ಮ ತಂಡದಲ್ಲೂ ಪ್ರತಿ ಶುಕ್ರವಾರ ಯಾರೋ ಒಬ್ಬರು ಕಡಿಮೆ. ಅವರೆಲ್ಲಿ ಎಂದು ಕೇಳುವುದನ್ನು ಬಿಟ್ಟೆವು. ಒಂದು ಸಂಜೆ ಅಪ್ಪ ಬೂಟು ಬಿಚ್ಚದೆ ಸೋಫಾದ ಮೇಲೆ ಕೂತು, "ಖಲಾಸ್. ವೀಸಾ ಕ್ಯಾನ್ಸಲ್ ಮಾಡಾಕ ಹೇಳ್ಯಾರ," ಎಂದರು.

ಗಲ್ಫಿನ ಪದ್ಧತಿ ನಿಮಗೆ ಗೊತ್ತಿದೆ. ಕೆಲಸ ಹೋದರೆ ಮೊದಲು ಹೆಂಡತಿ ಮಕ್ಕಳ ವೀಸಾ ರದ್ದಾಗಬೇಕು, ಆಮೇಲೆ ಯಜಮಾನನದು. ಹಾಗಾಗಿ ಹುಟ್ಟಿದ ಊರಿನಿಂದ ನನ್ನನ್ನೇ ಮೊದಲು ತೆಗೆದರು. ಹೊರಡಲು ಕೆಲವು ದಿನಗಳ ಗ್ರೇಸ್ ಪೀರಿಯಡ್ ಸಿಕ್ಕಿತು. ದುಬೈ ಪಂದ್ಯ ಆ ದಿನಗಳಲ್ಲೇ ಬಿದ್ದಿತ್ತು. ನಾನು ಕುಣಿದಾಡಿದೆ.

"ಇಲ್ಲವ್ವಾ, ಆಡೂದು ಬ್ಯಾಡ," ಎಂದರು ಅಪ್ಪ.

"ಅಪ್ಪಾ, ಇಟ್ಸ್ ಓನ್ಲಿ ಒನ್ ಮ್ಯಾಚ್! ಪ್ಲೀಸ್!"

"ವೀಸಾ ಹೋತು ಅಂದ್ರ ಇನ್ಶೂರೆನ್ಸ್ ಕಾರ್ಡೂ ಹೋತು. ಆ ಕೋಲು ಬಡಿದು ಕೈ ಮುರೀತು ಅಂದ್ರ ಯಾವ ದವಾಖಾನಿಗೆ ಹೊತ್ಕೊಂಡು ಹೋಗ್ಲಿ? ಟಿಕೇಟ್ ಆಗೇತಿ. ಕೈ ಕಟ್ಕೊಂಡು ವಿಮಾನ ಹತ್ತತೀಯೇನು?"

ಅವ್ವ ಕಾರ್ಗೋ ಡಬ್ಬಕ್ಕೆ ಪಾತ್ರೆ ತುಂಬುತ್ತಿದ್ದವಳು ಎದ್ದು ಬಂದಳು. "ಹೆಲ್ಮೆಟ್ ಇರ್ತೈತಲ್ರೀ. ಹುಡುಗಿ ಆರು ತಿಂಗಳಿಂದ ಇದನ್ನ ಜಪಿಸಾಕತ್ತಾಳ. ನಾ ಖೋಖೋ ಆಡೂಮುಂದ ಎಷ್ಟ್ ಸಲ ಬಿದ್ದೇನಿ."

"ನೀ ಬಿದ್ದಿದ್ದು ನಿನ್ನ ಊರಾಗ," ಎಂದರು ಅಪ್ಪ. ಅವ್ವ ತಿರುಗಿ ಪಾತ್ರೆಗಳ ಕಡೆ ಹೋದಳು.

ಬಿಟ್ಟುಹೋಗುವ ಮುಂಚೆ ಬರ್ ದುಬೈನ ಗುಡಿಯಲ್ಲಿ ಕಾಯಿ ಒಡೆಸಬೇಕೆಂಬುದು ಅವ್ವನ ಹರಕೆ. ಅದಕ್ಕೆ ಅಪ್ಪ ಶುಕ್ರವಾರವನ್ನೇ ಗೊತ್ತು ಮಾಡಿದರು, ಅಲ್ಲಿಂದ ಹಾಗೇ ದುಬೈನಲ್ಲೇ ಇದ್ದ ಪಂದ್ಯದ ಮೈದಾನಕ್ಕೆ, ನೋಡಲಿಕ್ಕೆ ಮಾತ್ರ. ದಾರಿಯುದ್ದಕ್ಕೂ ಮಂಜು. ನಾನು ಫ್ರಾಕಿನ ಒಳಗೆ ಜೆರ್ಸಿ ತೊಟ್ಟುಕೊಂಡಿದ್ದೆ. ಅವ್ವ ನೋಡಿಯೂ ನೋಡದಂತಿದ್ದಳು.

ಬದಲಿ ಆಟಗಾರರೇ ಇಲ್ಲದೆ ನಮ್ಮವರು ಕಣಕ್ಕಿಳಿದಿದ್ದರು. ಆದರೂ ಜಗ್ಗಲಿಲ್ಲ, ಮೊದಲರ್ಧ ಸಮ ಸಮ. ಎರಡನೆಯ ಅರ್ಧ ಶುರುವಾದ ಸ್ವಲ್ಪ ಹೊತ್ತಿಗೆ ಗೋಲಿನ ಮುಂದೆ ಕೋಲುಗಳೆಲ್ಲ ಒಟ್ಟಿಗೆ ಎದ್ದವು, ಕಾನರ್ ಕಿರುಚಿದ. ಅವನ ಬೆರಳು ಬಾತು ನೀಲಿಯಾಗಿತ್ತು. ಅವನಪ್ಪ ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು.

ಡೆಕ್ಲನ್ ಅಂಕಲ್ ನಮ್ಮತ್ತ ಬಂದರು. ನನ್ನನ್ನು ಮಾತಾಡಿಸಲಿಲ್ಲ. ಅಪ್ಪನ ಮುಂದೆ ನಿಂತು, "ನಿಮ್ಮ ಮಾತೇ ಕೊನೆ. ಆದರೂ ಕೇಳುತ್ತಿದ್ದೇನೆ," ಎಂದರು.

ನಾನು ಫ್ರಾಕು ತೆಗೆಯಲು ಆಗಲೇ ಕೈ ಹಾಕಿದ್ದೆ. ಅಪ್ಪ ನನ್ನ ಮಣಿಕಟ್ಟು ಹಿಡಿದುಕೊಂಡರು. ತಲೆಯಾಡಿಸಿ ಇಲ್ಲ ಎಂದರು, ಸಾರಿ ಎಂದರು. ಅಂಕಲ್ ಅವರ ಭುಜ ಮುಟ್ಟಿ ವಾಪಸು ಹೋದರು.

ಒಬ್ಬರು ಕಡಿಮೆಯಾಗಿಯೇ ನಮ್ಮವರು ಆಡಿದರು. ಖಾಲಿ ಬಿದ್ದದ್ದು ಅಂದು ಕಾನರ್ ನಿಂತಿದ್ದ ಗೋಲಿನ ಮುಂದಿನ ಜಾಗ, ನನ್ನ ಜಾಗ. ಅಪ್ಪನ ಅಂಗೈ ಬೆವತು ನನ್ನ ಕೈ ಜಾರುತ್ತಿತ್ತು, ಆದರೂ ಬಿಡಲಿಲ್ಲ. ನಾನು ಅಳುತ್ತಾ ಕೂಗುತ್ತಿದ್ದೆ. ಇದ್ದಕ್ಕಿದ್ದಂತೆ ತಲೆಯ ಮೇಲಿಂದ ಇನ್ನೊಂದು ದನಿ ಬಂತು. "ಅಡ್ಡ ನಿಂದರೋ ತಮ್ಮಾ! ಬಿಡಬ್ಯಾಡ! ಅಬುಧಾಬೀ!" ಮನೆಯಲ್ಲೂ ದನಿ ಏರಿಸದ ಅಪ್ಪ, ತಮ್ಮನ್ನು ಬೇಡವೆಂದ ಊರಿನ ಹೆಸರು ಹಿಡಿದು ಕೊರಳು ಹರಿಯುವಂತೆ ಕೂಗುತ್ತಿದ್ದರು. ಸುತ್ತಲಿನ ಐರಿಶ್ ಅಪ್ಪ ಅಮ್ಮಂದಿರು ತಿರುಗಿ ನೋಡಿದರು. ಕೊನೆಯ ಚೆಂಡು ಅದೇ ಖಾಲಿ ಜಾಗದಿಂದ ಒಳಗೆ ಹೋಯಿತು. ಸೋತೆವು.

ಈಗ ನಾನು ದುಬೈಯಲ್ಲಿ ಕೆಲಸಕ್ಕಿದ್ದೇನೆ. ವೀಸಾ ನನ್ನದೇ, ಇನ್ಶೂರೆನ್ಸ್ ಕಾರ್ಡೂ ನನ್ನದೇ. ಬೇಸಿಗೆಯ ಭಾನುವಾರಗಳಲ್ಲಿ ಫೋನಿನಲ್ಲಿ ವಾಟರ್‌ಫರ್ಡ್ ನೋಡುತ್ತೇನೆ. ಅಂಥ ಫೈನಲ್ಲನ್ನು ಅದು ಇನ್ನೂ ಗೆದ್ದಿಲ್ಲ, ಬೇರೆ ತಂಡ ಹಿಡಿಯಲು ನನಗೂ ಬರುವುದಿಲ್ಲ. ಡೆಕ್ಲನ್ ಅಂಕಲ್ ಯಾವಾಗಲೋ ದೇಶಕ್ಕೆ ಮರಳಿದರು. ಶುಕ್ರವಾರದ ರಜೆ ಶನಿವಾರಕ್ಕೆ ಸರಿಯಿತು. ಅಬುಧಾಬಿಯ ಮಕ್ಕಳ ತಂಡ ದುಬೈಗೆ ಬಂದಾಗಲೆಲ್ಲ ಹೋಗಿ ಗೆರೆಯ ಪಕ್ಕ ನಿಂತು ಕೂಗುತ್ತೇನೆ. ಪ್ರತಿ ವರ್ಷ ಹೊಸ ಮುಖಗಳು. ದೊಡ್ಡವರಾಗುವುದರೊಳಗೆ ಎಲ್ಲರೂ ಹೊರಟುಹೋಗಿರುತ್ತಾರೆ. ಇಲ್ಲಿನ ಹೆಂಗಸರ ತಂಡದವರು ನನ್ನನ್ನು ಆಡಲು ಕರೆಯುತ್ತಾರೆ, ದುಬೈಗೆ ಆಡು ಎನ್ನುತ್ತಾರೆ. ಆ ಜೆರ್ಸಿ ತೊಡಲು ಮನಸ್ಸು ಒಪ್ಪುವುದಿಲ್ಲ.

ಅಪ್ಪ ಮಾಡಿದ್ದು ಸರಿಯೆಂದು ನನಗೆ ಗೊತ್ತು. ಕಾನರನ ಬೆರಳನ್ನು ನಾನೂ ನೋಡಿದ್ದೆ. ಆದರೂ ಆ ಸಿಟ್ಟು ಹೋಗಿರಲಿಲ್ಲ, ಅದನ್ನು ಅವರಿಗೆ ಹೇಳಿಯೂ ಇರಲಿಲ್ಲ. ಕಳೆದ ಚಳಿಗಾಲ ಮೈದಾನದಿಂದಲೇ ಅವರಿಗೆ ವಿಡಿಯೋ ಕಾಲ್ ಮಾಡಿ ಮಕ್ಕಳ ಆಟ ತೋರಿಸಿದೆ. ನವನಗರದ ಮನೆಯ ಜಗಲಿಯಲ್ಲಿ ಕೂತು ಅವರು ಫೋನನ್ನು ಕಣ್ಣ ಹತ್ತಿರ ಹಿಡಿದು ನೋಡಿದರು.

"ತಂಗೀ, ಅವತ್ತ ನಿನ್ನ ಕೈ ಬಿಡಬೇಕಿತ್ತು ನಾ," ಎಂದರು.

ಈ ಮಾತಿಗಾಗಿ ಎಷ್ಟು ವರ್ಷ ಕಾದಿದ್ದೆನೋ. ಅದು ಬಂದಾಗ ನನಗೆ ಬೇಕಾಗಿರಲಿಲ್ಲ. ಫೋನನ್ನು ಆಟದ ಕಡೆಗೇ ಹಿಡಿದು ಅವರಿಗೆ ನನ್ನ ಮುಖ ಕಾಣದಂತೆ ನಿಂತೆ. ಯಾವುದೋ ಹುಡುಗಿ ಗೋಲಿನ ಮುಂದೆ ಅಡ್ಡ ನಿಂತಿದ್ದಳು. ಇಬ್ಬರೂ ಅವಳಿಗಾಗಿ ಕೂಗಿದೆವು.