ಮಾಲ್ಟ್ ಪುಡಿಯ ಮೇಲೆ ಬರಿಗಾಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚಾಕೊಲೇಟ್ ಮಾಲ್ಟ್ ಪುಡಿ ತಯಾರಿಸುವ ಕಾರ್ಖಾನೆಯಲ್ಲಿ ಯಂತ್ರಗಳೆಲ್ಲ ಸುಮ್ಮನಿವೆ. ಪೊರಕೆ ಹಿಡಿದು ಬಂದ ಹೆಂಗಸು ಕೂಡಲೇ ಒಳಗೆ ಕಾಲಿಡುವುದಿಲ್ಲ. ಬಾಗಿಲಲ್ಲೇ ಬಗ್ಗಿ, ಕಂದು ಪುಡಿ ಕೂತ ನೆಲವನ್ನು ಮೂಲೆಯಿಂದ ಮೂಲೆಗೆ ನೋಡುತ್ತಾರೆ. ಆಮೇಲಷ್ಟೇ ಗುಡಿಸಲು ಶುರು.

ಇಲ್ಲಿ ಎಲ್ಲರಿಗೂ ಅವರು ಪುಡಿಯಕ್ಕ. ಗಂಡ ತೀರಿಕೊಂಡ ವರ್ಷ ಕೆಲಸಕ್ಕೆ ಸೇರಿದವರು. ಈಗ ಮೊಮ್ಮಗಳು ಶಾಲೆಗೆ ಹೋಗುತ್ತಾಳೆ. "ಎಷ್ಟು ಉಜ್ಜಿ ತೊಳೆದ್ರೂ ಮೈಯಿಂದ ಸಿಹಿ ವಾಸನೆ ಹೋಗಲ್ಲ. ಬಸ್ಸಲ್ಲಿ ಮಕ್ಕಳು ತಿರುಗಿ ನೋಡ್ತವೆ," ಎಂದು ನಗುತ್ತಾರೆ. ಮೊಮ್ಮಗಳು ಪುಡಿಯನ್ನು ಹಾಲಿಗೂ ಹಾಕಿಕೊಳ್ಳುತ್ತಾಳೆ, ಬ್ರೆಡ್ಡಿನ ಮೇಲೂ ಉದುರಿಸಿಕೊಳ್ಳುತ್ತಾಳೆ, ಯಾರೂ ನೋಡದಿದ್ದರೆ ಚಮಚದಲ್ಲೇ ಬಾಯಿಗೆ. ಅಜ್ಜಿ ಮಾತ್ರ ಮುಟ್ಟುವುದಿಲ್ಲ.

ನೆಲ ನೋಡುವ ಅಭ್ಯಾಸ ಶುರುವಾದದ್ದು ಹೋದ ವರ್ಷ. ಒಂದು ಬೆಳಗ್ಗೆ ಪುಡಿಯ ಮೇಲೆ ಬರಿಗಾಲಿನ ಹೆಜ್ಜೆಗಳಿದ್ದವು. ಬಾಗಿಲಿಂದ ನೇರ ಪುಡಿ ಕಲಸುವ ದೊಡ್ಡ ಮಿಕ್ಸರಿನವರೆಗೆ ಹೋಗಿದ್ದವು, ವಾಪಸ್ ಬಂದಿರಲಿಲ್ಲ.

"ಎಡಗಾಲಿಗೆ ಕಿರುಬೆರಳಿರಲಿಲ್ಲ. ಯಾರಪ್ಪಾ ಇದು, ಬೂಟಿಲ್ದೆ ಇಲ್ಲಿ ಯಾರನ್ನೂ ಬಿಡಲ್ವಲ್ಲ ಅಂದ್ಕೊಂಡೆ. ಅಷ್ಟರಲ್ಲಿ ಆಪರೇಟರ್ ಗುಂಡಿ ಒತ್ತೋಕೆ ಹೋದ. 'ತಡಿಯಪ್ಪ, ಒಳಗೆ ಯಾರೋ ಇದ್ದಾರೆ' ಅಂದೆ. 'ಯಾರಿರ್ತಾರಕ್ಕ, ಹೊತ್ತಾಯ್ತು' ಅಂದ. ನಾನು ಗುಂಡಿಗೆ ಅಡ್ಡ ನಿಂತ್ಬಿಟ್ಟೆ."

ಗೊಣಗುತ್ತಲೇ ಆಪರೇಟರ್ ಮಿಕ್ಸರಿನ ಬಾಯೊಳಗೆ ಟಾರ್ಚ್ ಬೆಳಕು ಬಿಟ್ಟ. ಅಲಗುಗಳ ನಡುವೆ ಹಿಂದಿನ ಪಾಳಿಯ ಫಿಟ್ಟರ್ ಬಿದ್ದಿದ್ದ. ರಿಪೇರಿಗೆಂದು ಒಬ್ಬನೇ ಇಳಿದವನಿಗೆ ಉಸಿರುಗಟ್ಟಿ ಪ್ರಜ್ಞೆ ತಪ್ಪಿತ್ತು.

ಅವನು ಬದುಕಿದ. ಈಗಲೂ ಇಲ್ಲೇ ಕೆಲಸದಲ್ಲಿದ್ದಾನೆ. ಆದರೆ ಅಂದು ಅವನ ಕಾಲಲ್ಲಿ ಬೂಟಿತ್ತು. ಬಿಚ್ಚಿದರೆ ಹತ್ತು ಬೆರಳೂ ನೆಟ್ಟಗಿದ್ದವು. ಅವನು ಒಳಗಿಳಿದ ಮೇಲೆ ಕೂತ ಪುಡಿ ಬೂಟಿನ ಗುರುತನ್ನೆಲ್ಲ ಮುಚ್ಚಿತ್ತು. ಬರಿಗಾಲು ನಡೆದದ್ದು ಆ ಪುಡಿಯ ಮೇಲೆ. ಆಪರೇಟರೂ ಆ ಹೆಜ್ಜೆಗಳನ್ನು ಕಣ್ಣಾರೆ ಕಂಡಿದ್ದಾನೆ. ಆ ಮಾತೆತ್ತಿದರೆ ಬೇರೆ ಕಡೆ ನೋಡುತ್ತಾನೆ.

ಭಯ ಆಗುವುದಿಲ್ಲವೇ ಎಂದು ಕೇಳುತ್ತೇನೆ.

"ಆಗುತ್ತೆ. ಒಂದೊಂದಿನ ಬೆನ್ನ ಹಿಂದೆ ಯಾರೋ ನಿಂತ ಹಾಗಿರುತ್ತೆ. ತಿರುಗಲ್ಲ. 'ಗುಡಿಸ್ತಿದ್ದೀನಿ, ಸ್ವಲ್ಪ ಸರ್ಕೊಳಿ' ಅಂತೀನಿ. ಸರ್ಕೋತಾರೆ."

ಪುಡಿಯಕ್ಕನಿಗೆ ಸನ್ಮಾನ, ಬಹುಮಾನ ಏನೂ ಬೇಡ. ಕೇಳುವುದು ಒಂದೇ: "ಒಳಗಿಳಿಯೋರಿಗೆ ಕಾವಲಾಗಿ ಹೊರಗೊಬ್ಬ ಮನುಷ್ಯನ್ನ ನಿಲ್ಲಿಸ್ಲಿ, ಜೀವ ಇರೋ ಮನುಷ್ಯನ್ನ. ಪಾಪ, ಆ ಬರಿಗಾಲಿನೋರೇ ಎಷ್ಟು ದಿನ ಅಂತ ನೋಡ್ಕೋತಾರೆ?"