ಆಯಿಲ್ ದೀಪದ ಮೃತ್ಯುಂಜಯ

ಬಾಳ್ಳುಪೇಟೆಯ ಮೆಕ್ಯಾನಿಕ್ ಮೃತ್ಯುಂಜಯನ ಬಾಯಲ್ಲಿ ಯಾವ ದೀಪವೂ ಆರುವುದಿಲ್ಲ, ಶಾಂತವಾಗುತ್ತದೆ. ಕಾರಿನ ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪಕ್ಕೂ ಅದೇ ಮರ್ಯಾದೆ. "ಬಲ್ಬ್ ಕಿತ್ತಾಕ್ಬುಡು ಮಾರಾಯ" ಎನ್ನುವ ಗಿರಾಕಿಯನ್ನು, "ಅಳೋ ಮಗೀನ ಬಾಯಿಗೆ ಬಟ್ಟೆ ತುರುಕ್ತೀರಾ?" ಎಂದು ಕೇಳುತ್ತಾನೆ. ಮೊದಲು ಮೀಟರ್ ಕಟ್ಟಿ ಆಯಿಲ್ ಪ್ರೆಶರ್ ನಿಜಕ್ಕೂ ಸರಿಯಿದೆಯೇ ನೋಡುತ್ತಾನೆ. ಆಮೇಲೆ ಆ ದೀಪ ಹೊತ್ತಿಸುವ ಸೆನ್ಸರಿನ ಪ್ಲಗ್ ಕೀಳುತ್ತಾನೆ. ದೀಪ ಶಾಂತವಾದರೆ ತಪ್ಪು ಸೆನ್ಸರಿನದು. ಉರಿಯುತ್ತಲೇ ಇದ್ದರೆ ದಾರಿಯಲ್ಲೆಲ್ಲೋ ವೈರು ಸವೆದು ಕಬ್ಬಿಣಕ್ಕೆ ತಾಗುತ್ತಿದೆ. ಬಾನೆಟ್ಟಿನೊಳಗೆ ತಲೆಯಿಟ್ಟವನಿಗೆ ದೀಪ ಕಾಣದು. ನೋಡಿ ಹೇಳಲು ಡ್ರೈವರ್ ಸೀಟಿನಲ್ಲಿ ಹೆಂಡತಿ ನೇತ್ರಾವತಿಯೇ ಕೂರಬೇಕು. ಆನೇಮಹಲ್‌ನಲ್ಲಿ ನಡೆದ ತನ್ನ ತಮ್ಮನ ಮದುವೆಗೆ ಗಂಡ ಮುಹೂರ್ತ ಮುಗಿದ ಮೇಲೆ ಗ್ರೀಸ್ ಕೈಯಲ್ಲಿ ಬಂದಾಗಿನಿಂದ ಅವಳು ಮನೆಯಲ್ಲಿ ಮಾತು ಬಿಟ್ಟಿದ್ದಾಳೆ. ಇಲ್ಲಿ ಮಾತ್ರ ಉತ್ತರ ಕೊಡಲೇಬೇಕು. "ಐತಾ?" "ಐತೆ." "ಈಗ?" "ಐತೆ." ಅದಕ್ಕೇ ಅವನು ಒಂದೇ ವೈರನ್ನು ಅಂಗುಲ ಅಂಗುಲವಾಗಿ ತಡಕುತ್ತಾನೆ. ಇವತ್ತು ಸವೆದ ಜಾಗ ಬೇಗನೆ ಸಿಕ್ಕಿಬಿಟ್ಟಿತು. ಒಲ್ಲದ ಮನಸ್ಸಿನಿಂದ ಟೇಪು ಸುತ್ತಿ, ಪ್ಲಗ್ ಸಿಕ್ಕಿಸಿ, "ಈಗ?" ಎಂದ. ದೀಪ ಆಗಲೇ ಶಾಂತವಾಗಿತ್ತು. ಅದನ್ನೇ ನೋಡುತ್ತ ನೇತ್ರಾವತಿ, "ಇನ್ನೂ ಐತೆ ಕಣ್ರೀ, ನಿಧಾನಕ್ಕೆ ನೋಡಿ" ಎಂದಳು.