ಕಂಪ್ಯೂಟರಿಗೆ ಇಬ್ಬರು ವಾಚ್‌ಮನ್‌ಗಳು

“ಡಿಗ್ರಿ ತಗೊಳ್ಳೂದು ಈ ಮನ್ಯಾಗ ಹುಟ್ಟಿದವರ ಕೈಲೆ ಆಗೂದಲ್ಲ” ಎಂದವರು ನನ್ನ ಸೋದರಮಾವ. ಅದು 2007. ನಾನಾಗ ವಾಸ್ಕೊದಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದೆ. ಮಾವ ಕಾರ್ಖಾನೆಯೊಂದರಲ್ಲಿ ವಾಚ್‌ಮನ್. ಅಪ್ಪ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದರು. ಅವರಿಗೆ ಓದು ಬರಹ ಬರುತ್ತಿರಲಿಲ್ಲ.

ಪ್ರಾಜೆಕ್ಟ್ ವರದಿಯನ್ನು ಟೈಪ್ ಮಾಡಿಯೇ ಒಪ್ಪಿಸಬೇಕಿತ್ತು. ಅದಿಲ್ಲದೆ ಪದವಿ ಇಲ್ಲ. ಕಾಲೇಜಿನ ಲ್ಯಾಬಿನಲ್ಲಿ ನನ್ನ ಸರದಿ ಬರುವಷ್ಟರಲ್ಲಿ ಬಾಗಿಲು ಹಾಕುವ ಹೊತ್ತಾಗುತ್ತಿತ್ತು. ಅಪ್ಪ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ದಸರೆಗೆ ಮುಂಚೆ ಮಂಗೋರ್ ಹಿಲ್‌ನ ನಮ್ಮ ಒಂದೇ ಕೋಣೆಯ ಮನೆಗೆ ಹೊಸ ಕಂಪ್ಯೂಟರ್ ಬಂತು. ಓಣಿಗೇ ಮೊದಲನೆಯದು. ಅವ್ವ ಅದಕ್ಕೆ ಕುಂಕುಮ ಹಚ್ಚಿದಳು.

ಆಂಟಿವೈರಸ್ ಹಾಕದಿದ್ದರೆ ತಿಂಗಳೊಳಗೆ ಕೆಡುತ್ತದೆ ಎಂದು ಅಂಗಡಿಯವನು ಒಂದು ಡಬ್ಬಿ ಕೊಟ್ಟಿದ್ದ. ಗೆಳತಿಯೊಬ್ಬಳು, ಇದೇ ಚಲೋ, ಪುಕ್ಕಟೆ ಬೇರೆ ಎಂದು ಇನ್ನೊಂದರ ಸಿ.ಡಿ. ಕೊಟ್ಟಳು. ಯಾವುದು ಹಾಕಬೇಕೆಂದು ತಿಳಿಯಲಿಲ್ಲ. ಕೇಳೋಣವೆಂದರೆ ನಮ್ಮವರಲ್ಲಿ ಕಂಪ್ಯೂಟರ್ ಮುಟ್ಟಿದವರೇ ಇರಲಿಲ್ಲ. ಆ ಭಾನುವಾರ ಮಾವ ಚಹಾಕ್ಕೆ ಬಂದಿದ್ದರು.

“ಅದರ ಕೆಲಸ ಏನ?” ಎಂದರು.

“ಕಳ್ಳರು ಒಳಗ ಬರದಂಗ ಕಾಯೂದು, ಮಾವಾ.”

“ಅಂದ್ರ ನನ್ನ ಕೆಲಸಾನ ಬಿಡು! ನಮ್ಮ ಗೇಟಿಗೆ ಎಷ್ಟ ಮಂದಿ ಅದೀವಿ? ಇಬ್ಬರು. ಒಬ್ಬ ತೂಕಡಿಸಿದ್ರ ಇನ್ನೊಬ್ಬ ಎಚ್ಚರ ಇರ್ತಾನ. ಎರಡೂ ಹಾಕವಾ.”

“ಖರೇ ಐತಿ” ಎಂದರು ಅಪ್ಪ. ನನಗೂ ಖರೇ ಅನ್ನಿಸಿತು. ಎರಡನೆಯದನ್ನು ಹಾಕುವಾಗ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ಬಂತು. ಮೊದಲಿನದನ್ನು ತೆಗೆಯಿರಿ ಎಂಬಂತಿತ್ತು. ಇದೆಲ್ಲ ಕಂಪನಿಯವರ ಪೈಪೋಟಿ ಎಂದುಕೊಂಡು, ಪೂರ್ತಿ ಓದದೆ ಮುಂದಿನ ಬಟನ್ ಒತ್ತಿದೆ.

ವಾಸ್ಕೊ ಮಾರುಕಟ್ಟೆಯ ತರಕಾರಿ ವ್ಯಾಪಾರದ ಮೇಲೆ ನನ್ನ ಪ್ರಾಜೆಕ್ಟ್. ಬೆಳಗಿನ ಜಾವ ಹೋಗಿ ಮಾರುವವರನ್ನು ಮಾತಾಡಿಸಿ ಬರೆದುಕೊಂಡಿದ್ದೆ. ನಾಲ್ಕು ತಿಂಗಳಲ್ಲಿ ಎಪ್ಪತ್ತು ಪುಟ ಟೈಪ್ ಮಾಡಿದೆ. ಅದರ ಒಂದು ಪ್ರತಿಯನ್ನೂ ಬೇರೆಡೆ ಇಟ್ಟಿರಲಿಲ್ಲ. ಕಾಲೇಜಿನ ಪೆನ್ ಡ್ರೈವುಗಳಲ್ಲೆಲ್ಲ ವೈರಸ್ ತುಂಬಿದೆ ಎಂಬ ಹೆದರಿಕೆಗೆ ಯಾರದನ್ನೂ ಹತ್ತಿರ ಸೇರಿಸಲಿಲ್ಲ. ಅಷ್ಟು ಜೋಪಾನ ಮಾಡಿದೆ.

ಕಂಪ್ಯೂಟರ್ ಮಾತ್ರ ದಿನದಿನಕ್ಕೆ ನಿಧಾನವಾಗುತ್ತ ಬಂತು. ಒಂದು ಪುಟ ತೆರೆಯುವಷ್ಟರಲ್ಲಿ ಅಕ್ಕಿ ಆರಿಸಿ ಮುಗಿಸಬಹುದಿತ್ತು. ಒಪ್ಪಿಸಲು ಐದು ದಿನ ಇರುವಾಗ ಪೂರ್ತಿ ನಿಂತೇ ಹೋಯಿತು. ನಾನು ಅಳುತ್ತ ಕಾಲೇಜಿಗೆ ಹೋದೆ.

ಸಂಜೆ ಮನೆಗೆ ಬಂದಾಗ ಅದು ಚಕಚಕನೆ ಓಡುತ್ತಿತ್ತು. ಪಕ್ಕದಲ್ಲಿ ಅಪ್ಪ ನಗುತ್ತ ಕೂತಿದ್ದರು. ಕೆಲಸಕ್ಕೆ ರಜೆ ಹಾಕಿ, ಕಂಪ್ಯೂಟರಿನ ಡಬ್ಬವನ್ನು ತಲೆಯ ಮೇಲೆ ಹೊತ್ತು ಗುಡ್ಡ ಇಳಿದು, ಅಂಗಡಿಯಲ್ಲಿ ರಿಪೇರಿ ಮಾಡಿಸಿ, ಹಾಗೆಯೇ ಹೊತ್ತು ತಂದಿದ್ದರು.

“ಎಲ್ಲಾ ಸ್ವಚ್ಛ ಮಾಡಿಸೇನಿ ನೋಡವಾ. ಹೊಸಾದು ಆದಂಗ ಆಗೇತಿ.”

ಒಳಗೆ ಏನೂ ಇರಲಿಲ್ಲ. ಎಪ್ಪತ್ತು ಪುಟಗಳಲ್ಲಿ ಒಂದಕ್ಷರವೂ ಇರಲಿಲ್ಲ.

ಅಂಗಡಿಗೆ ಓಡಿದೆ. “ಎರಡು ಆಂಟಿವೈರಸ್ ಯಾರು ಹಾಕಿದ್ದು? ಒಂದನ್ನೊಂದು ಕಳ್ಳ ಅಂದ್ಕೊಂಡು ಹೊಡೆದಾಡ್ತಾ ಇದ್ವು” ಎಂದು ಅಂಗಡಿಯವನು ಹಿಂದಿಯಲ್ಲಿ ಹೇಳಿ ನಕ್ಕ. ಫಾರ್ಮ್ಯಾಟ್ ಮಾಡುವ ಮುಂಚೆ ಒಂದು ಮಾತು ಕೇಳಬಾರದಿತ್ತೇ ಎಂದೆ. ಅವನು ಇಂಗ್ಲಿಷಿನ ಚೀಟಿಯೊಂದನ್ನು ಮುಂದೆ ತಳ್ಳಿದ. ಒಳಗಿನ ಫೈಲುಗಳು ಹೋದರೆ ನಾವು ಹೊಣೆಯಲ್ಲ ಎಂದು ಅಚ್ಚಾಗಿತ್ತು. ಅದರ ಕೆಳಗೆ ಅಪ್ಪನ ನೀಲಿ ಹೆಬ್ಬೆಟ್ಟು.

ಮನೆಗೆ ಬಂದು ನಾನು ಅಂದ ಮಾತು ಇದು: “ನಿನಗೇನ ತಿಳಿತೈತಿ? ಚೀಲ ಹೊರೂದೊಂದ ಗೊತ್ತು. ಅಷ್ಟ ಮಾಡಕೊಂಡ ಇರಬಾರದೇನ?”

ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಅವ್ವ ಒಲೆಯ ಕಡೆ ಮುಖ ಮಾಡಿಕೊಂಡು, “ಇದನ್ನ ಕಲಿಯಾಕ ಕಾಲೇಜಿಗೆ ಕಳಿಸಿದ್ವೇನ?” ಎಂದಳು.

ಐದು ದಿನದಲ್ಲಿ ಮೂವತ್ತೆರಡು ಪುಟ ಮತ್ತೆ ಟೈಪ್ ಮಾಡಿದೆ. ಕಾಲೇಜಿನ ಸರ್ ತೆಗೆದುಕೊಳ್ಳಲಿಲ್ಲ. “ಎಲ್ಲರೂ ಇದೇ ಕಥೆ ಹೇಳ್ತಾರೆ. ಮುಂದಿನ ವರ್ಷ ಕೊಡು” ಎಂದರು. ತಾವು ಹೇಳಿದ್ದೇ ಆಯಿತಲ್ಲ ಎಂದು ಮಾವ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು. ಎರಡು ಹಾಕೆಂದ ಅವರ ಬುದ್ಧಿಮಾತು ಅವರಿಗೇ ನೆನಪಿರಲಿಲ್ಲ.

ಆ ವರ್ಷವೆಲ್ಲ ಒಂದು ಕಚೇರಿಯಲ್ಲಿ ಫೈಲು ಜೋಡಿಸುವ ಕೆಲಸ ಮಾಡುತ್ತ ವರದಿಯನ್ನು ಮತ್ತೆ ಮೊದಲಿನಿಂದ ಬರೆದೆ, ಮೂರು ಕಡೆ ಪ್ರತಿ ಇಟ್ಟೆ. ಅಪ್ಪ ಕಂಪ್ಯೂಟರಿನ ಹತ್ತಿರ ಸುಳಿಯಲಿಲ್ಲ. ಕಸ ಗುಡಿಸುವಾಗಲೂ ಆ ಮೂಲೆ ಬಿಟ್ಟು ಗುಡಿಸುತ್ತಿದ್ದರು. ನಾನು ಕ್ಷಮೆ ಕೇಳಲಿಲ್ಲ. ನಾಳೆ, ನಾಳೆ ಎಂದು ದೂಡಿದೆ. ಓದಲು ಬಾರದೆ ಹೆಬ್ಬೆಟ್ಟು ಒತ್ತಿದವರನ್ನು ಬೈದೆನಲ್ಲ, ಓದಲು ಬಂದೂ ಓದದೆ ಬಟನ್ ಒತ್ತಿದವಳು ನಾನೇ. ಅದನ್ನು ಇವತ್ತಿಗೂ ನುಂಗಲಾಗುತ್ತಿಲ್ಲ.

2009ರಲ್ಲಿ ಪದವಿಯ ಪ್ರಮಾಣಪತ್ರ ಬಂತು. ನಮ್ಮ ಮನೆತನದಲ್ಲಿ ಮೊದಲನೆಯದು. ಕಾಲೇಜಿನಿಂದ ನೇರ ಬಂದರಿನ ಗೇಟಿಗೆ ಹೋದೆ. ಪಾಳಿ ಮುಗಿಸಿ ಹೊರಬಂದ ಅಪ್ಪನ ಮುಂದೆ ಅದನ್ನು ಹಿಡಿದೆ. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ ನೋಡಿದರು.

“ನೀನ ಹಿಡಕೊಂಡ ತೋರಸವಾ,” ಎಂದರು. “ನಾ ಮುಟ್ಟಿದ್ರ ಮತ್ತ ಅಳಿಸಿ ಹೋದೀತು.”